ತೊಂಬತ್ತೇಳರ ಲೆಕ್ಕ

ರಜೆಗೆ ಗೊರೂರಿಗೆ ಹೋದಾಗಲೆಲ್ಲ ನಮ್ಮ ಮನೆಯ ಜಗಲಿಯಲ್ಲಿ ನಡೆಯುವ ವ್ಯಾಜ್ಯ ಒಂದೇ: ಬ್ಯಾಟು ಹಿಡಿದ ಕನ್ನಡಿಗರಲ್ಲಿ ವಿಶ್ವನಾಥ್ ದೊಡ್ಡವರೋ, ದ್ರಾವಿಡ್ ದೊಡ್ಡವರೋ? ತಂದೆಯವರು ವಿಶ್ವನಾಥರ ವಕೀಲರು. ನಾನು ದ್ರಾವಿಡರ ಕಡೆಯವನು. ಈ ಸಲ ಅಂಕಿಗಳನ್ನೇ ಮುಂದಿಟ್ಟೆ: “ದ್ರಾವಿಡ್ 164 ಟೆಸ್ಟ್, 13,288 ರನ್ನು, 36 ಶತಕ. ನಿಮ್ಮವರು 91 ಟೆಸ್ಟ್, 6,080 ರನ್ನು, ಶತಕ ಬರೀ 14.”

“ಆ ಹದಿನಾಲ್ಕರಲ್ಲಿ ಮದರಾಸಿನ ತೊಂಬತ್ತೇಳು ಸೇರಿಲ್ಲವಲ್ಲಪ್ಪ” ಎಂದರು.

1975ರ ಜನವರಿ. ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ಮಂದಿಯನ್ನು ಕೆಡವಿದ ಆಟ; ತಲೆಗೆ ಹೆಲ್ಮೆಟ್ಟಿಲ್ಲದ ಕಾಲ. ತಂಡದ 190ರಲ್ಲಿ ವಿಶ್ವನಾಥರದು ಔಟಾಗದೆ 97. ಇದೇ ಜಗಲಿಯಲ್ಲಿ ರೇಡಿಯೋಕ್ಕೆ ಕಿವಿಗೊಟ್ಟು ಕುಳಿತಿದ್ದವರು ತಂದೆಯವರು.

“ಅದೆಲ್ಲ ನಿಮ್ಮ ಕಾಲದ ಮಾತು ಬಿಡಿ” ಎಂದುಬಿಟ್ಟೆ. ಅವರು ಸುಮ್ಮನಾದರು. ಎಂಬತ್ತು ದಾಟಿದ ತಂದೆಗೆ ಮಗ ಆಡಬಾರದ ಮಾತು.

ಅಷ್ಟರಲ್ಲಿ ನನ್ನ ಮಗ ಹೊರಬಂದು, “ಕೊಹ್ಲಿಯ ಮುಂದೆ ದ್ರಾವಿಡ್ ಯಾವ ಲೆಕ್ಕ, ಅಪ್ಪ?” ಎಂದ. ನನಗೆ ಚುರುಕ್ಕೆಂದಿತು. 2003ರಲ್ಲಿ ಅಡಿಲೇಡಿನಲ್ಲಿ ಹೊಡೆದ 233ರ ಮಾತು ತುಟಿಯವರೆಗೆ ಬಂತು. ಅವನು ಕೇಳಲು ನಿಲ್ಲಲಿಲ್ಲ.

ತಂದೆಯವರು ಮೆಲ್ಲನೆ ನಕ್ಕು, “ಹೇಳಪ್ಪ, ನಾನು ಕೇಳುತ್ತೇನೆ” ಎಂದರು.

“ಮೊದಲು ಮದರಾಸಿನದಾಗಲಿ” ಎಂದು ನಾನು ಅವರ ಪಕ್ಕಕ್ಕೆ ಸರಿದು ಕುಳಿತೆ.