ಅಜ್ಜಿಯ ಊರು ಮತ್ತು ನಮ್ಮ ಮೂರನೇ ಇಯತ್ತೆ



ದೀಪಾವಳಿ ರಜೆ ಬಂದಿದೆ. ಜೂನ್ ಮಧ್ಯದಲ್ಲಿ ಶುರುವಾದ ಮೊದಲ ಸತ್ರ ಮುಗಿಯಿತು. ನಮ್ಮದು ಮಿರಜ ತಾಲೂಕಿನ ಪೂರ್ವ ಭಾಗದ ಒಂದು ಚಿಕ್ಕ ಕನ್ನಡ ಶಾಲೆ. ಮೂರನೇ ಇಯತ್ತೆಯಲ್ಲಿ 16 ಮಕ್ಕಳಿದ್ದಾರೆ. ಈ ಸತ್ರದಲ್ಲಿ ಕೈಗೊಂಡ ಒಂದು ಉಪಕ್ರಮವನ್ನೂ ಅದರಲ್ಲಿ ನಾವೇ ಮಾಡಿದ ಒಂದು ತಪ್ಪನ್ನೂ ನಿಮಗೆ ಹೇಳಬೇಕೆನಿಸಿದೆ.

ಪರಿಸರ ಅಭ್ಯಾಸದ ಪಾಠಕ್ಕೆ ಜೋಡಿಸಿ 'ನನ್ನ ಅಜ್ಜಿಯ ಊರು' ಎಂಬ ಕೆಲಸ ಕೊಟ್ಟೆವು. ಊರಿನ ಹೆಸರು, ಅಲ್ಲಿಯ ಬೆಳೆ, ಹತ್ತಿರದ ನದಿ ಅಥವಾ ಹಳ್ಳ, ಜೊತೆಗೆ ಅಜ್ಜಿ ಆಡುವ ಹತ್ತು ಕನ್ನಡ ಪದಗಳನ್ನು ಬರೆದು ತರಬೇಕು. ಒಂದು ವಾರದಲ್ಲಿ ವಹಿಗಳು ತುಂಬಿದವು. ಉಗಾರ, ಕುಡಚಿ, ಕಾಗವಾಡ, ಶೇಡಬಾಳ, ಅಥಣಿ... ಒಂಬತ್ತು ಅಜ್ಜಿಯರು ಕರ್ನಾಟಕದವರು! ಉಳಿದವರು ನಮ್ಮ ಸಾಂಗಲಿ ಜಿಲ್ಲೆಯವರು. ಬೆಳೆಗಳನ್ನು ಎಣಿಸಿ ಚಿತ್ರಾಲೇಖ ಮಾಡಿದೆವು. ಕಬ್ಬು ಎಲ್ಲಕ್ಕಿಂತ ಮುಂದೆ, ಆಮೇಲೆ ಜೋಳ, ದ್ರಾಕ್ಷಿ, ಅರಿಷಿಣ. ಪದಗಳಂತೂ ನೆಲವು, ನಿಚ್ಚಣಿಕೆ, ಬೀಸುಕಲ್ಲು, ಹಗೇವು ಎಂದು ಬಂದೇ ಬಂದವು. 'ಹಗೇವು' ತಂದ ಹುಡುಗನಿಗೆ ಅದು ಏನೆಂದು ಗೊತ್ತಿರಲಿಲ್ಲ. "ನೆಲದಾಗ ಕಾಳು ಇಡೂ ತಗ್ಗಂತ್ರಿ" ಎಂದಷ್ಟೇ ಹೇಳಿದ.

ಒಬ್ಬ ಬಾಲಕಿಯ ಪುಟ ಮಾತ್ರ ಖಾಲಿ ಇತ್ತು. ಚೂಟಿಯಾದ ಹುಡುಗಿ, ಅಕ್ಷರವೂ ದುಂಡು. ಮರೆತಿರಬೇಕು ಎಂದುಕೊಂಡು ಎರಡು ದಿನ ಬಿಟ್ಟೆವು. ಮೂರನೇ ದಿನ ಎಲ್ಲರೆದುರು ಸ್ವಲ್ಪ ಗದರಿಸಿಯೂ ಬಿಟ್ಟೆವು. ಮಧ್ಯಾಹ್ನ ಖಿಚಡಿ ತಿನ್ನುವ ಹೊತ್ತಿಗೆ ಬಳಿಗೆ ಬಂದು ಮೆಲ್ಲಗೆ ಕೇಳಿದಳು: "ಸರ್, ನಮ್ಮ ಅಜ್ಜಿ ಊರು ಸಮಡೋಳಿರಿ. ಅಕಿಗೆ ಕನ್ನಡ ಬರೂದಿಲ್ರಿ. ಏನ್ ಬರೀಲ್ರಿ?"

ನಮಗೆ ಉತ್ತರ ಹೊಳೆಯಲಿಲ್ಲ. ಹತ್ತು ಕನ್ನಡ ಪದ ಎಂದು ಫಳದ ಮೇಲೆ ಬರೆದವರು ನಾವೇ ಅಲ್ಲವೇ? ಅದೇ ವಾರ ಆಕೆಯ ತಂದೆ ಹಾದಿಯಲ್ಲಿ ಸಿಕ್ಕಿದ್ದರು. "ಹುಡುಗಿನ್ನ ಮರಾಠಿ ಶಾಳಿಗೆ ಹಾಕೂಣು ಅಂತ ಮನ್ಯಾಗ ಮಾತ್ ನಡದೈತ್ರಿ" ಎಂದಿದ್ದರು. ಒಂದು ಮಗು ಹೋದರೆ ನಮ್ಮಂಥ ಶಾಲೆಯ ಪಟಸಂಖ್ಯೆಗೆ ಏನಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಆದರೆ ಅಂದು ನಮ್ಮನ್ನು ಚುಚ್ಚಿದ್ದು ಪಟಸಂಖ್ಯೆಯಲ್ಲ. ಗಡಿಯಲ್ಲಿ ಕನ್ನಡ ಉಳಿಸುತ್ತೇವೆ ಎನ್ನುವ ನಾವು ಒಂದು ಮಗುವಿಗೆ ಅದರ ಅಜ್ಜಿಯನ್ನೇ ಬಚ್ಚಿಡುವಂತೆ ಮಾಡಿದ್ದೆವು.

ಮರುದಿನ ಫಳದ ಮೇಲಿನ 'ಕನ್ನಡ' ಎಂಬ ಪದವನ್ನು ಒರೆಸಿ 'ಅಜ್ಜಿಯ ಹತ್ತು ಪದ' ಎಂದಷ್ಟೇ ಉಳಿಸಿದೆವು. ಆ ಅಜ್ಜಿಯನ್ನು ಶಾಲೆಗೆ ಕರೆತರಲು ಹೇಳಿಕಳಿಸಿದೆವು.

ಸೆಪ್ಟೆಂಬರ್‌ನ ಒಂದು ಶನಿವಾರ ಆಯಿ ಬಂದರು. "ಮಲಾ ಕನ್ನಡ ಯೇತ ನಾಹಿ, ಬಾಳಾ" ಎಂದು ಸಂಕೋಚಪಟ್ಟರು. ಮೊಮ್ಮಗಳೇ ದುಭಾಷಿಯಾದಳು. 2019ರ ಆಗಸ್ಟ್‌ನಲ್ಲಿ ವಾರಣೆಯ ನೀರು ಏರಿದಾಗ ದನಕರು ಹೊಡೆದುಕೊಂಡು ಹೊರಬಿದ್ದದ್ದನ್ನು ಹೇಳಿದರು. ಸಮಡೋಳಿಯಲ್ಲಿ 1924ರಲ್ಲಿ ಶಾಂತಿಸಾಗರ ಮಹಾರಾಜರಿಗೆ ಆಚಾರ್ಯ ಪದವಿ ಕೊಟ್ಟದ್ದನ್ನು ಹಿರಿಯರಿಂದ ಕೇಳಿದ್ದರಂತೆ, ಅದನ್ನೂ ಹೇಳಿದರು. ಆ ಮಹಾರಾಜರು ಬೆಳಗಾವಿ ಜಿಲ್ಲೆಯ ಭೋಜದವರು ಎಂದು ನಾವು ಸೇರಿಸಿದಾಗ ಮಕ್ಕಳು ನಕಾಶೆಯಲ್ಲಿ ಭೋಜ ಹುಡುಕತೊಡಗಿದರು.

ಆಮೇಲೆ ಆಯಿ ಅರಿಷಿಣದ ಮಾತು ತೆಗೆದರು. ಹರಿಪುರದಲ್ಲಿ ನೆಲದೊಳಗೆ ಆಳವಾದ 'ಪೇವ' ತೋಡಿ ಅರಿಷಿಣ ತುಂಬಿ ಇಡುತ್ತಿದ್ದರು, 2005ರ ಮಹಾಪೂರದಲ್ಲಿ ಬಹಳಷ್ಟು ಹಾಳಾದವು ಎಂದರು. ಹಿಂದಿನ ಸಾಲಿನಿಂದ ನಮ್ಮ ಹುಡುಗ ಎದ್ದು ಕೂಗಿದ: "ಸರ್, ಹಗೇವರೀ! ಅದಽ ಹಗೇವು!" ಕಾಗವಾಡದ ಅಜ್ಜಿಯ ಪದಕ್ಕೆ ಸಮಡೋಳಿಯ ಅಜ್ಜಿ ಅರ್ಥ ಹೇಳಿದರು.

ಅಂದಿನಿಂದ ಗೋಡೆಯ ಮೇಲೆ ಎರಡು ಪಟ್ಟಿಗಳು. ಒಂದರಲ್ಲಿ ಬೇರೆ ಬೇರೆ ಪದಗಳು: ಕಬ್ಬು-ಊಸ, ಅರಿಷಿಣ-ಹಳದ, ಹಗೇವು-ಪೇವ. ಇನ್ನೊಂದರಲ್ಲಿ ಬಳಗದ ಪದಗಳು: ತುಪ್ಪ-ತೂಪ, ಅಡಕತ್ತಿ-ಅಡಕಿತ್ತಾ, ಅಕ್ಕ-ಅಕ್ಕಾ. ಎಲ್ಲಕ್ಕಿಂತ ಮೇಲೆ ಅಜ್ಜಿ-ಆಜೀ! ಅದನ್ನು ಬರೆದವಳು ಆ ಬಾಲಕಿಯೇ. ಈ ಪಟ್ಟಿಯಿಂದ ಮರಾಠಿ ಪಾಠವೂ ಸುಲಭವಾಯಿತು, ಕನ್ನಡ ಶುದ್ಧಲೇಖನವೂ ಸುಧಾರಿಸಿತು. ಆಕಾರಿಕ ಮೂಲ್ಯಮಾಪನದಲ್ಲಿ ಬಾಯಿಮಾತಿನ ಗುಣಗಳನ್ನು ಇದರಿಂದಲೇ ಕೊಟ್ಟೆವು.

ಕೊನೆಯ ವಾರ ನದಿಯ ನಕಾಶೆ ಬಿಡಿಸಿದೆವು. ಸಮಡೋಳಿಯ ಕಡೆಯ ವಾರಣೆ ಹರಿಪುರದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ನೀರೇ ಮುಂದೆ ಕುಡಚಿ, ಉಗಾರದ ಕಡೆ ಹರಿಯುತ್ತದೆ. "ನಮ್ಮ ಅಜ್ಜಿ ಊರಿನ ನೀರು ನಿಮ್ಮ ಅಜ್ಜಿ ಊರಿಗಿ ಬರತೈತಿ" ಎಂದು ಆಕೆ ಗೆಳತಿಗೆ ಹೇಳುತ್ತಿದ್ದಳು.

ಮುಂದಿನ ಜೂನ್‌ನಲ್ಲಿ ಆಕೆ ನಮ್ಮಲ್ಲೇ ಇರುತ್ತಾಳೋ ಇಲ್ಲವೋ, ತಂದೆ ಇನ್ನೂ ಖಚಿತವಾಗಿ ಹೇಳಿಲ್ಲ. ಆದರೆ ಎಲ್ಲಿ ಕಲಿತರೂ ಅಜ್ಜಿಯ ಊರು ಕೇಳಿದರೆ ಇನ್ನು ಪುಟ ಖಾಲಿ ಬಿಡಲಾರಳು. ನಿಮ್ಮ ತರಗತಿಯಲ್ಲೂ ಖಾಲಿ ಪುಟಗಳಿದ್ದರೆ ಗದರಿಸುವ ಮುಂಚೆ ಒಮ್ಮೆ ಬಳಿಗೆ ಕರೆದು ಕೇಳಿ ನೋಡಿ. ನಾವು ಕೇಳಿದ್ದು ತಡವಾಗಿ.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.