ಹಿಮದಲ್ಲಿ ಕುಣಿಯುವ ಪಿಕಪ್

ಹಿಮ ಅಂದರೆ ನಮ್ಮ ಕಡೆ ಹೆಂಗಸರಿಗೆ ಸಿನಿಮಾ ಹಾಡಿನ ಕಾಶ್ಮೀರವೇ ಕಣ್ಣಿಗೆ ಕಟ್ಟುತ್ತೆ. ನಾಯಕಿ ತೆಳು ಸೀರೆಯಲ್ಲಿ ಓಡ್ತಾಳೆ, ನಾಯಕ ಹಿಮದ ಉಂಡೆ ಎಸೀತಾನೆ! ನಾನಿರುವ ಊರಲ್ಲಿ ಆ ಹಾಡು ತೆಗೆಯಲು ಬಂದರೆ ಮೊದಲು ಸಲಿಕೆ ಹಿಡಿದು ಅರ್ಧ ದಿನ ದಾರಿ ಬಿಡಿಸಬೇಕು.

ನಮ್ಮ ಮನೆ ಅಮೆರಿಕದ ಮಿಶಿಗನ್ ರಾಜ್ಯದ ಉತ್ತರದ ತುದಿಯಲ್ಲಿ, ಹೋಟನ್ ಎಂಬ ಪುಟ್ಟ ಊರಿನ ಹೊರಗೆ ಒಂದು ಗುಡ್ಡದ ಮೇಲಿದೆ. ಹತ್ತಿರದಲ್ಲೇ ಸಮುದ್ರದ ಹಾಗೆ ಹರಡಿಕೊಂಡ ಸುಪೀರಿಯರ್ ಸರೋವರ. ಚಳಿಗಾಲದ ಗಾಳಿ ಆ ನೀರಿನ ಮೇಲೆ ಹಾಯುವಾಗ ತೇವ ಹೀರಿಕೊಂಡು, ದಡ ಹತ್ತಿದ ಕೂಡಲೇ ಹಿಮವಾಗಿ ಸುರಿದುಬಿಡುತ್ತೆ. ಅರಬ್ಬಿ ಸಮುದ್ರದ ಮೋಡ ಆಗುಂಬೆ ಘಟ್ಟ ಹತ್ತಿ ಮಳೆ ಸುರಿಸುವುದಿಲ್ಲವೇ, ಹೆಚ್ಚುಕಡಿಮೆ ಹಾಗೇ. ಪಕ್ಕದ ಕೀವಿನಾ ಕೌಂಟಿಯಲ್ಲಿ ಹೆದ್ದಾರಿ ಬದಿಗೆ ಎತ್ತರದ ಒಂದು ಅಳತೆಪಟ್ಟಿ ನಿಲ್ಲಿಸಿದ್ದಾರೆ. 1978-79ರ ಚಳಿಗಾಲದಲ್ಲಿ ಅಲ್ಲಿ ಒಟ್ಟು 390.4 ಅಂಗುಲ ಹಿಮ ಬಿದ್ದಿತ್ತು. ಅಂದರೆ 32 ಅಡಿಗೂ ಮೇಲೆ! ಎಲ್ಲ ಒಂದೇ ದಿನ ಬಿದ್ದದ್ದಲ್ಲ, ಒಂದೇ ಕಡೆ ಅಷ್ಟು ಎತ್ತರ ನಿಂತದ್ದೂ ಅಲ್ಲ. ಆದರೂ ಆ ಪಟ್ಟಿಯ ಬುಡದಲ್ಲಿ ನಿಂತು ಕತ್ತೆತ್ತಿದರೆ ಎದೆ ಝಲ್ಲೆನ್ನುತ್ತೆ.

ಇಂಥ ಊರಲ್ಲಿ ಕಟ್ಟಿಗೆ ತರೋದಕ್ಕೆ, ಸಾಮಾನು ಹೇರೋದಕ್ಕೆ ಅಂತ ನಮ್ಮವರು ಹಳೇ ಪಿಕಪ್ ಒಂದನ್ನು ಕೊಂಡಿದ್ದರು. ನಿಮ್ಮೂರಿನ ಸಂತೆಗೆ ತರಕಾರಿ ತರುವ ಪಿಕಪ್ ನೋಡಿದ್ದೀರಲ್ಲ, ಅದರ ಅಣ್ಣನ ಹಾಗಿದೆ. ಅವರೇ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಕೂತು ದೇವರ ನಾಮ ಹೇಳಿಕೊಳ್ಳುತ್ತಿದ್ದೆ. 2017ರಲ್ಲಿ ಅವರ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ಮುಗಿದ ಮೇಲೆ ಸುಸ್ತಾಗಿ ಕಣ್ಣು ಬಿಡಲೂ ಆಗದು, ಇನ್ನು ಗಾಡಿ ಓಡಿಸುವ ಮಾತೆಲ್ಲಿ? ಹಾಗಂತ ಒಂದು ಸರದಿ ತಪ್ಪಿಸುವಂತಿಲ್ಲ. ಮೈಯಲ್ಲಿ ನೀರು ತುಂಬುತ್ತೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತೆ, ಹೃದಯಕ್ಕೇ ಸಂಚಕಾರ. ಹಿಮ ಬಿದ್ದಿದೆ ಅಂದರೆ ಮೂತ್ರಪಿಂಡ ಕೇಳುತ್ತದೆಯೇ? ಸರಿ, ಸ್ಟಿಯರಿಂಗು ನನ್ನ ಕೈಗೆ ಬಂತು.

ಮನೆಯಿಂದ ಡಾಂಬರು ರಸ್ತೆಗೆ ಸೇರಬೇಕಾದರೆ ಮೊದಲು ಇಳಿಜಾರು, ಆಮೇಲೆ ಒಂದು ಏರು. ಮೊಣಕಾಲುದ್ದ ಹಿಮ ಬಿದ್ದ ದಿನ ಆ ಏರಿನಲ್ಲಿ ಪಿಕಪ್‌ನ ಹಿಂಭಾಗ ಇದ್ದಕ್ಕಿದ್ದಂತೆ ಡಗಡಗಡಗ ಅಂತ ಕುಪ್ಪಳಿಸೋಕೆ ಶುರುವಾಗುತ್ತೆ. ಹಲ್ಲು ಕಟಕಟಿಸುತ್ತೆ, ಡಬ್ಬಿಯೊಳಗಿನ ಚಮಚ ಸದ್ದು ಮಾಡುತ್ತೆ. ಗಾಡಿ ಮಾತ್ರ ಒಂದು ಗೇಣೂ ಮುಂದೆ ಹೋಗೋಲ್ಲ. ಇಲ್ಲಿಯವರು ಇದಕ್ಕೆ ‘ವೀಲ್ ಹಾಪ್’ ಅಂತಾರೆ, ಚಕ್ರದ ಕುಣಿತ ಅನ್ನಿ.

ಯಾಕೆ ಕುಣಿಯುತ್ತೆ? ಲಾರಿಯ ಹಿಂಚಕ್ರದ ಹತ್ತಿರ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದಿರೋದು ನೋಡಿದ್ದೀರಲ್ಲ, ಅದೇ ಲೀಫ್ ಸ್ಪ್ರಿಂಗು. ಹಿಂದಿನ ಅಚ್ಚು ಅದಕ್ಕೇ ಕಟ್ಟಿಕೊಂಡಿರುತ್ತೆ. ಇಂಜಿನ್ನು ಚಕ್ರವನ್ನು ಮುಂದಕ್ಕೆ ತಿರುಗಿಸಿದಾಗ ಅಚ್ಚಿನ ಕೊಳವೆ ಹಿಂದಕ್ಕೆ ತಿರುಚಿಕೊಳ್ಳೋಕೆ ನೋಡುತ್ತೆ, ಆ ಪಟ್ಟಿಗಳನ್ನೂ ಹಾವಿನಂತೆ ಬಳುಕಿಸುತ್ತೆ. ಅಷ್ಟರಲ್ಲಿ ಟೈರು ಹಿಮದಲ್ಲಿ ಜಾರಿತು ಅನ್ನಿ, ಬಿಗಿದ ಪಟ್ಟಿ ಪಟ್ ಅಂತ ಸಡಿಲಾಗಿ ಅಚ್ಚನ್ನು ವಾಪಸ್ ಒದೆಯುತ್ತೆ. ಟೈರು ಮತ್ತೆ ನೆಲ ಕಚ್ಚುತ್ತೆ, ಮತ್ತೆ ಬಿಗಿ, ಮತ್ತೆ ಜಾರು. ಕಡಗೋಲಿಗೆ ಸುತ್ತಿದ ಹಗ್ಗ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಎಳೆದಾಡಿದ ಹಾಗೆ, ಒಂದು ಸೆಕೆಂಡಿನಲ್ಲೇ ಎಷ್ಟೋ ಸಲ. ಪಿಕಪ್‌ನ ಹಿಂಭಾಗ ಖಾಲಿ ಇದ್ದರಂತೂ ಕೇಳಲೇಬೇಡಿ, ಭಾರವೆಲ್ಲ ಮುಂದೆ ಇಂಜಿನ್ ಮೇಲೆ, ಹಿಂದಿನ ಟೈರನ್ನು ಒತ್ತಿ ಹಿಡಿಯೋಕೆ ಏನೂ ಇಲ್ಲ.

ಇಂಥ ಹೊತ್ತಿನಲ್ಲಿ ಗಂಡಸರು ಮಾಡೋದು ಒಂದೇ ಕೆಲಸ, ಆಕ್ಸಿಲರೇಟರ್ ಇನ್ನೂ ಒತ್ತೋದು! ನಮ್ಮವರು ಆರೋಗ್ಯವಾಗಿದ್ದಾಗ ಒಂದು ಜನವರಿಯಲ್ಲಿ ಹೀಗೇ ಒತ್ತಿದರು. “ನೀನು ಸುಮ್ನಿರೇ, ಈಗ ಹತ್ತತ್ತೆ ನೋಡು” ಅಂದರು. ಹತ್ತಲಿಲ್ಲ, ಢಮ್ ಅಂತು. ಶಾಫ್ಟಿನ ಕ್ರಾಸು ಮುರಿದಿತ್ತು. ಎಳೆದುಕೊಂಡು ಹೋಗುವ ಗಾಡಿಯವನಿಗೊಂದು ಬಿಲ್ಲು, ಗ್ಯಾರೇಜಿನವನಿಗೊಂದು ಬಿಲ್ಲು. ಆ ತಿಂಗಳು ನಮ್ಮನೇಲಿ ಬರೀ ಸಾರು ಅನ್ನ.

ಪಕ್ಕದ ಮನೆಯಲ್ಲಿ ಫಿನ್ಲೆಂಡ್ ಮೂಲದ ಅಜ್ಜ ಒಬ್ಬರಿದ್ದಾರೆ, ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸಿ ನಿವೃತ್ತರಾದವರು. ನನಗೆ ಪಾಠ ಹೇಳಿದ್ದು ಅವರು. ಕುಣಿತ ಶುರುವಾದ ಕ್ಷಣವೇ ಕಾಲು ತೆಗೆಯಬೇಕು, ಅದು ಮೊದಲನೇ ಪಾಠ. ಬ್ರೇಕು ಜಗ್ಗಬಾರದು. ಗಾಡಿ ಸುಮ್ಮನಾದ ಮೇಲೆ ಬಂದ ಜಾಡಿನಲ್ಲೇ ಮೆಲ್ಲಗೆ ಹಿಂದೆ ಬಂದು, ಚಕ್ರದ ಮುಂದಿನ ಹಿಮ ಕೆರೆದು, ಎರಡನೇ ಗೇರಿನಲ್ಲಿ, ಹಾಲು ಉಕ್ಕದ ಹಾಗೆ ಉರಿ ಇಡ್ತೀವಲ್ಲ, ಅಷ್ಟೇ ಹದವಾಗಿ ಒತ್ತಿ ಹೊರಡಬೇಕು. ನಮ್ಮ ಪಿಕಪ್‌ನಲ್ಲಿ ನಾಲ್ಕೂ ಚಕ್ರ ಎಳೆಯುವ ಹಾಗೆ ಮಾಡುವ ಹಿಡಿ ಇದೆ. ಅದನ್ನು ಸಿಕ್ಕಿಹಾಕಿಕೊಂಡ ಮೇಲಲ್ಲ, ಏರಿಗೆ ಮೊದಲೇ ಹಾಕಬೇಕು, ಒಣ ಡಾಂಬರು ಸಿಕ್ಕ ಕೂಡಲೇ ತೆಗೆಯಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನ ಚಕ್ರ ಅತ್ತೆ ಸೊಸೆಯರ ಹಾಗೆ ಒಂದನ್ನೊಂದು ಎಳೆದಾಡುತ್ತವೆ.

ಎರಡನೇ ಪಾಠ ಮರಳು. ಇಲ್ಲಿ ಚಳಿಗಾಲಕ್ಕೆಂದೇ 60 ಪೌಂಡಿನ, ಅಂದರೆ ಸುಮಾರು 27 ಕಿಲೋದ, ಉದ್ದನೆ ಮರಳಿನ ಚೀಲ ಸಿಗುತ್ತವೆ. ಅಂಥ ಆರು ಚೀಲ ಹಾಕಿಸಿದೆ. ಎಲ್ಲಿ ಹಾಕಬೇಕು ಅನ್ನೋದೇ ಮುಖ್ಯ. ಅಜ್ಜನ ಮಗ ಬಾಗಿಲ ತುದಿಗೆ ಒಟ್ಟಿ ಹೋಗಿದ್ದ. ನಾನು ಸಾಗರದ ಕಡೆಯ ರೈತನ ಮಗಳು, ಎತ್ತಿನ ಗಾಡಿಯಲ್ಲಿ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳೋದು ಕಂಡವಳು! ಪಿಕಪ್‌ಗೂ ಅಷ್ಟೇ, ತುದಿಯಲ್ಲಿ ಭಾರ ಬಿದ್ದರೆ ಮುಂಚಕ್ರ ಹಗುರಾಗಿ ಸ್ಟಿಯರಿಂಗು ಮಾತು ಕೇಳೋಲ್ಲ. ಎಲ್ಲವನ್ನೂ ಎಳೆಸಿ, ಅಚ್ಚಿನ ನೇರಕ್ಕೆ, ಸ್ವಲ್ಪ ಮುಂದಕ್ಕೇ ಇಡಿಸಿ ಹಗ್ಗ ಬಿಗಿಸಿದೆ. ಬಿಗಿಯದಿದ್ದರೆ ಗಾಡಿ ಎಲ್ಲಾದರೂ ಗುದ್ದಿದಾಗ ಆ ಮೂಟೆಗಳೇ ಮುಂದೆ ಹಾರಿ ಬರುತ್ತವೆ. ಭಾರ ಹೆಚ್ಚಿದಷ್ಟೂ ನಿಲ್ಲಿಸೋದಕ್ಕೆ ದೂರ ಬೇಕು, ಅದೂ ಗಮನದಲ್ಲಿರಲಿ. ಮರಳು ಒಣಗಿದ್ದೇ ಆಗಬೇಕು, ಒದ್ದೆಯಾದರೆ ಕಲ್ಲಾಗುತ್ತೆ, ಆಮೇಲೆ ಜಾರುವ ಚಕ್ರದ ಕೆಳಗೆ ಎರಚೋಕೆ ಬರೋಲ್ಲ.

ಇಷ್ಟಾದರೂ ಕುಣಿತ ಪೂರ್ತಿ ಹೋಗಲಿಲ್ಲ. ಗ್ಯಾರೇಜಿನವನು ಗಾಡಿ ಎತ್ತಿ ನೋಡಿದ. ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಸವೆದಿದ್ದವು, ಅಚ್ಚನ್ನು ಪಟ್ಟಿಗೆ ಬಿಗಿಯುವ ಬೋಲ್ಟು ಸಡಿಲವಾಗಿತ್ತು. ಅವು ಸರಿಯಾದ ಮೇಲೆ, ಒಳ್ಳೇ ಚಳಿಗಾಲದ ಟೈರು ಹಾಕಿದ ಮೇಲೆ ನಿಜವಾದ ವ್ಯತ್ಯಾಸ ಗೊತ್ತಾಯಿತು. ಮರಳಿಗಿಂತ ಮೊದಲು ಇದನ್ನೇ ನೋಡಿಸಬೇಕು ಅನ್ನೋದು ನನ್ನ ಅಭಿಪ್ರಾಯ, ಅಜ್ಜ ಒಪ್ಪೋಲ್ಲ.

ಇನ್ನೊಂದು ಮಾತು, ಇದು ಪ್ರಾಣದ ವಿಷಯ. ಗಾಡಿ ಹಿಮದಲ್ಲಿ ಹೂತು, ಬಿಸಿಗಾಳಿಗಾಗಿ ಇಂಜಿನ್ ಓಡಿಸಿಕೊಂಡು ಒಳಗೆ ಕೂರುವ ಪ್ರಸಂಗ ಬಂದರೆ, ಮೊದಲು ಇಳಿದು ಹೊಗೆ ಕೊಳವೆಯ ಬಾಯಿಗೆ ಮುಚ್ಚಿಕೊಂಡ ಹಿಮ ತೆಗೆಯಬೇಕು. ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆ ಬಂದ ಹಾಗಾಗಿ ಹಾಗೇ ಮುಗಿದುಹೋಗುತ್ತೆ. ಪಕ್ಕದಲ್ಲಿ ಮೊದಲೇ ಸೋತು ಮಲಗಿರುವ ಮನುಷ್ಯ, ಅವರು ನಿದ್ದೆ ಮಾಡ್ತಿದ್ದಾರೋ ಬೇರೇನೋ ಅಂತ ತಿಳಿಯೋದಾದರೂ ಹೇಗೆ? ಅದಕ್ಕೇ ಸೀಟಿನ ಹಿಂದೆ ಸಣ್ಣ ಸಲಿಕೆ, ಎರಡು ಕಂಬಳಿ, ಟಾರ್ಚು ಯಾವಾಗಲೂ ಇರುತ್ತವೆ.

ಈಗಲೂ ಆ ಏರು ಬಂದಾಗ ಇವರು ಕಣ್ಣು ಮುಚ್ಚಿಕೊಂಡೇ, “ಒತ್ತೇ, ಇನ್ನೂ ಸ್ವಲ್ಪ ಒತ್ತು” ಅಂತಾರೆ. “ನೀವು ಮಲಗಿ” ಅಂತೀನಿ ನಾನು, ಕಾಲು ಸಡಿಲಿಸಿ. ಏಪ್ರಿಲ್ ಕೊನೆಗೆ ಮೂಟೆ ಇಳಿಸ್ತೀವಿ. ಮೇ ತಿಂಗಳಲ್ಲೂ ಒಂದೊಂದು ವರ್ಷ ಹಿಮ ಬೀಳೋದುಂಟು, ಹಾಗಾಗಿ ಎರಡು ಮೂಟೆ ಬಾಗಿಲ ಹತ್ತಿರವೇ ಇಟ್ಟುಕೊಂಡಿರ್ತೀನಿ.