ಅಜ್ಜನ ಅಲ್ಲಮ, ಸಿನಿಮಾದ ಅಲ್ಲಮ

ಹೋದ ಶ್ರಾವಣದಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ಉಬ್ರಾಣಿ, ಚನ್ನಗಿರಿ ತಾಲ್ಲೂಕು. ಮಳೆ ಬಿಟ್ಟು ಬಿಟ್ಟು ಹೊಡೀತಿತ್ತು, ಕರೆಂಟು ಹೋಗಿ ಹೋಗಿ ಬರ್ತಿತ್ತು, ತೋಟದ ಕಡೆ ತಲೆ ಹಾಕೋ ಹಾಗಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು, 'ಅಲ್ಲಮ' ಸಿನಿಮಾನೂ ಇತ್ತು. "ಅಜ್ಜಾ, ಪ್ರಭುದೇವರ ಸಿನಿಮಾ ಐತೆ, ನೋಡ್ತೀಯಾ?" ಅಂದೆ.

ಸುಮ್ಮನೆ ಕೇಳಿದ್ದಲ್ಲ. ನಾನು ಚಿಕ್ಕವನಿದ್ದಾಗ ಶ್ರಾವಣ ಬಂತೆಂದರೆ ನಮ್ಮ ಪಡಸಾಲೆಯಲ್ಲಿ ಚಾಮರಸನ ಪ್ರಭುಲಿಂಗಲೀಲೆ. ಅಜ್ಜ ಷಟ್ಪದಿ ಓದಿ ಅರ್ಥ ಹೇಳೋರು, ಅಜ್ಜಿ ಅಡಿಗೆಮನೆ ಬಾಗಿಲಲ್ಲಿ ಬತ್ತಿ ಹೊಸೀತಾ ಕೇಳೋರು. ಎರಡು ವರ್ಷದ ಹಿಂದೆ ಅಜ್ಜಿ ಹೋದರು. ಜ್ವರ ಅಂತ ಮಲಗಿದವರು ನಾಲ್ಕನೇ ದಿನಕ್ಕೆ ಇಲ್ಲ. ಆಮೇಲೆ ಅಜ್ಜ ಆ ಪುಸ್ತಕ ತೆಗೆದೇ ಇಲ್ಲ. ಕೇಳಿದರೆ "ಕಣ್ಣು ಕಾಣಲ್ಲ ಕಣಪ್ಪ" ಅಂತಾರೆ. ಪೇಪರ್ ಮಾತ್ರ ದಿನಾ ಓದ್ತಾರೆ :)

ಸಿನಿಮಾ ಟಿ.ಎಸ್. ನಾಗಾಭರಣ ಅವರದ್ದು, 2017ರಲ್ಲಿ ಬಂದಿದ್ದು. ಧನಂಜಯ್ ಅಲ್ಲಮ, ಮೇಘನಾ ರಾಜ್ ಮಾಯೆ, ಸಂಚಾರಿ ವಿಜಯ್ ಬಸವಣ್ಣ. 2016ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಹಿನ್ನೆಲೆ ಸಂಗೀತಕ್ಕೆ ಬಾಪು ಪದ್ಮನಾಭ ಅವರಿಗೂ, ಪ್ರಸಾಧನಕ್ಕೆ ಎನ್.ಕೆ. ರಾಮಕೃಷ್ಣ ಅವರಿಗೂ ಪ್ರಶಸ್ತಿ ಬಂತು.

ಅಲ್ಲಮನ ಕಥೆ ಅಂದ್ರೆ ನನಗೆ ಮೊದಲು ನೆನಪಾಗೋದು ಗೋರಕ್ಷನ ಪ್ರಸಂಗ. ಗೋರಕ್ಷ ಯೋಗಸಿದ್ಧಿಯಿಂದ ವಜ್ರಕಾಯ ಪಡೆದವನು. ಅವನ ಮೈಗೆ ಕತ್ತಿ ಬೀಸಿದರೆ ಖಣ್ ಅನ್ನುತ್ತೆ, ಒಂದು ಗೀರೂ ಬೀಳಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಗಾಳಿಯಲ್ಲಿ ಆಡಿಸಿದ ಹಾಗೆ ಆಚೆ ಹೋಗುತ್ತೆ, ಸದ್ದೇ ಇಲ್ಲ. ಬರೀ ಬಯಲು. ಇವತ್ತಿನ ಗ್ರಾಫಿಕ್ಸಿಗೆ ಇದು ದೊಡ್ಡ ಕೆಲಸ ಅಲ್ಲ ಅಂತ ಕಂಪ್ಯೂಟರ್ ಓದಿದ ನಾನು ಅಂದ್ಕೊಂಡಿದ್ದೆ. ಕಷ್ಟ ಇರೋದು ಬೇರೆ ಕಡೆ. ಆ ಬಯಲನ್ನ ತೋರಿಸೋಕೆ ಸಿನಿಮಾಗೆ ಒಂದು ಮೈ ಬೇಕು, ಒಂದು ಮುಖ ಬೇಕು.

ಅಜ್ಜನ ತಕರಾರೂ ಅದೇ ಆಗಿತ್ತು. ಅರ್ಧ ಗಂಟೆ ನೋಡಿ "ಇವನು ನಮ್ಮ ಪ್ರಭುದೇವರಲ್ಲ ಬಿಡು" ಅಂದರು.

"ಯಾಕಜ್ಜಾ?"

"ಮುಖದಾಗೆ ಆಸೆ ಕಾಣ್ತತೆ. ಪ್ರಭುದೇವರನ್ನ ಮಾಯೆ ಮುಟ್ಟೇ ಇಲ್ಲ."

ಚಾಮರಸನ ಪ್ರಕಾರ ಅಜ್ಜ ಹೇಳಿದ್ದು ಸರಿ. ಅಲ್ಲಿ ಪಾರ್ವತಿಯ ತಾಮಸ ಕಳೆಯೇ ಬನವಾಸಿಯ ಮಮಕಾರ ರಾಜನ ಮಗಳು ಮಾಯೆಯಾಗಿ ಹುಟ್ಟುತ್ತೆ. ಅಲ್ಲಮ ಅವಳ ಕುಣಿತಕ್ಕೆ ಮದ್ದಳೆ ಬಾರಿಸ್ತಾನೆ, ಆದರೆ ಕೈಗೆ ಸಿಗಲ್ಲ. ಅಜ್ಜ ಜೀವನಪೂರ್ತಿ ಓದಿದ್ದು ಈ ಅಲ್ಲಮನನ್ನೇ.

ಆಗ ನಾನು ಹರಿಹರನ ಕಥೆ ಹೇಳಿದೆ. ಚಾಮರಸ 15ನೇ ಶತಮಾನದವನು, ಹರಿಹರ ಅವನಿಗಿಂತ ಸುಮಾರು ಇನ್ನೂರು ವರ್ಷ ಮುಂಚಿನವನು. ಅವನ ಪ್ರಭುದೇವರ ರಗಳೆಯಲ್ಲಿ ಮಾಯೆ ಇಲ್ಲ, ಕಮಲತೆ ಅನ್ನೋ ಹುಡುಗಿ ಇದ್ದಾಳೆ. ಬಳ್ಳಿಗಾವಿಯ ಮದ್ದಳೆಗಾರ ಅಲ್ಲಮ ಅವಳನ್ನ ಮನಸಾರೆ ಪ್ರೀತಿಸ್ತಾನೆ, ಇಬ್ಬರೂ ಕೂಡಿ ಬಾಳ್ತಾರೆ. ಒಂದು ದಿನ ಅವಳಿಗೆ ಜ್ವರ ಬರುತ್ತೆ, ಸತ್ತುಹೋಗ್ತಾಳೆ.

ಹೇಳಿದ ಮೇಲೆ ಹೊಳೀತು, ಹೇಳಬಾರದಿತ್ತೇನೋ ಅಂತ. ಅಜ್ಜ ಪರದೆ ಬಿಟ್ಟು ನನ್ನ ಮುಖ ನೋಡ್ತಿದ್ದರು.

"ಜ್ವರಾನಾ?"

"ಹೂಂ ಅಜ್ಜಾ."

"ಆಮೇಲೆ ಅವರೇನು ಮಾಡಿದ್ರು?"

"ಹುಚ್ಚನಂಗೆ ಅಲೆದರಂತೆ. ಹಂಗೇ ಅಲೀತಾ ಇರುವಾಗ ನೆಲದಾಗೆ ಒಂದು ಬಂಗಾರದ ಕಳಸ ಕಾಣ್ತು. ಅಗೆದು ನೋಡಿದರೆ ಗುಡಿ, ಒಳಗೆ ಅನಿಮಿಷಯ್ಯ ಕೂತಿದ್ದರು, ಕೈಯಲ್ಲಿ ಲಿಂಗ. ಅದು ಇವರ ಕೈಗೆ ಬಂತು, ಅವರ ಪ್ರಾಣ ಹೋಯ್ತು."

ಅಜ್ಜ ಸುಮಾರು ಹೊತ್ತು ಸುಮ್ಮನಿದ್ದರು. ಹೆಂಚಿನ ಮೇಲೆ ಮಳೆ ಸದ್ದು. ಆಮೇಲೆ ಮೆಲ್ಲಗೆ ಅಂದರು, "ಹಂಗಾರೆ ಪ್ರಭುದೇವರೂ ಅತ್ತಿದ್ರು ಅನ್ನು."

ನನಗೆ ಏನು ಹೇಳಬೇಕೋ ತಿಳೀಲಿಲ್ಲ. ಎರಡು ವರ್ಷ ಈ ಮನುಷ್ಯ ಪುಸ್ತಕ ಮುಟ್ಟದೇ ಇದ್ದಿದ್ದು ಕಣ್ಣಿನ ತೊಂದರೆಯಿಂದಲ್ಲ ಅಂತ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಮಾಯೆ ಮುಟ್ಟದವನ ಕಥೆಯನ್ನ, ಹೆಂಡತಿ ಇಲ್ಲದ ಮನೆಯಲ್ಲಿ ಕೂತು, ಊರಿನವರಿಗೆ ಅರ್ಥ ಹೇಳೋದು ಹೇಗೆ?

ಹಳೇ ಕಥೆ ಸಿನಿಮಾ ಆದಾಗಲೆಲ್ಲ "ಮೂಲ ಕಥೆ ಕೆಡಿಸಿದ್ರು" ಅಂತ ನಾವು ಜಗಳಕ್ಕೆ ನಿಲ್ತೀವಿ. ಯಾವ ಮೂಲ? ಒಬ್ಬ ಕವಿ ದುಃಖದಿಂದ ಶುರು ಮಾಡಿದ, ಇನ್ನೊಬ್ಬ ದುಃಖ ಸೋಕದ ಹಾಗೆ ಬರೆದ. ಇಬ್ಬರೂ ಭಕ್ತರೇ. ಸಿನಿಮಾದವರು ಮೂರನೇ ಸಲ ಹೇಳಿದ್ದಾರೆ ಅಷ್ಟೆ. ಅದರಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಆದರೆ ಆ ಮುಖದಲ್ಲಿ ಆಸೆ ಕಾಣದೇ ಹೋಗಿದ್ದರೆ ಅಜ್ಜ ತಕರಾರು ತೆಗೀತಿರಲಿಲ್ಲ, ನಾನು ಕಮಲತೆಯ ಹೆಸರು ಎತ್ತುತ್ತಿರಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. "ಮೊದಲಿಂದ ಹಾಕು" ಅಂದರು ಅಜ್ಜ. ಪೂರ್ತಿ ನೋಡಿದರು, ಚೆನ್ನಾಗಿದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಪ್ರಭುಲಿಂಗಲೀಲೆ ಇನ್ನೂ ಅಟ್ಟದ ಮೇಲೇ ಇದೆ. ನಾನು ಬಸ್ಸಿಗೆ ಹೊರಟಾಗ ಮಾತ್ರ ಬಾಗಿಲ ತನಕ ಬಂದು ಹೇಳಿದರು, "ಆ ಹರಿಹರಂದು ಪುಸ್ತಕ ಸಿಕ್ಕರೆ ತಗಂಬಾ. ದೊಡ್ಡ ಅಕ್ಷರದ್ದು."

ಹುಡುಕ್ತಾ ಇದೀನಿ. ರಗಳೆಗಳ ದೊಡ್ಡ ಅಕ್ಷರದ ಮುದ್ರಣ ಎಲ್ಲಾದ್ರೂ ನೋಡಿದ್ದರೆ ದಯವಿಟ್ಟು ತಿಳಿಸಿ.